ಕಾರಿಗೇಕೆ ರೆಕ್ಕೆ?

1973ನೆಯ ಇಸವಿಯ ಬೇಸಗೆ. ಜರ್ಮನಿಯ ಮ್ಯೂನಿಕ್ ನಗರದ ಬಿ.ಎಂ.ಡಬ್ಲ್ಯು. ಕಂಪೆನಿಯವರು ತಮ್ಮ ಅತಿವೇಗದ ಕಾರೊಂದರ ಹೊಸ ಮಾದರಿಯನ್ನು ಮಾರಾಟಕ್ಕೆ ತಂದರು. ಎರಡೇ ಬಾಗಿಲು, ನೀಳವಾದ ಮೂತಿ, ತೆಳ್ಳನೆಯ ಕಂಬಗಳ ಮೇಲೆ ತೇಲುವಂತೆ ತೋರುವ ಮಾಡು. ಒಮ್ಮೆ ನೋಡಿದವರು ಮತ್ತೊಮ್ಮೆ ತಿರುಗಿ ನೋಡುವಂಥ ಚೆಲುವು ಅದರದು. ಇಂಥ ಕಾರನ್ನು ಹಣ ತೆತ್ತು ಕೊಂಡ ಜರ್ಮನ್ ಗಿರಾಕಿ, ಸಾಮಾನು ಇಡುವ ಹಿಂಬದಿಯ ಡಿಕ್ಕಿಯ ಮುಚ್ಚಳವನ್ನು ಎತ್ತಿ ನೋಡಿದರೆ ಅಲ್ಲೊಂದು ಸೋಜಿಗ ಕಾದಿರುತ್ತಿತ್ತು. ಒಳಗೆ ದೊಡ್ಡದೊಂದು ರೆಕ್ಕೆ ಬಿಡಿಯಾಗಿ ಮಲಗಿತ್ತು! ಮದುಮಗಳಿಗೆ ಒಡವೆ ತೊಡಿಸದೆ, ಗಂಟು ಕಟ್ಟಿ ಕೈಗೆ ಕೊಟ್ಟು ಕಳುಹಿಸಿದಂತಿತ್ತು ಈ ವ್ಯವಸ್ಥೆ.

ಕಾರ್ಖಾನೆಯವರು ಮರೆತು ಹೀಗೆ ಮಾಡಿದುದಲ್ಲ. ಅಂಥ ರೆಕ್ಕೆಯನ್ನು ತೊಟ್ಟ ಕಾರು ಸಾರ್ವಜನಿಕ ರಸ್ತೆಗೆ ಇಳಿಯುವುದನ್ನು ಜರ್ಮನಿಯ ವಾಹನ ನಿಯಮಗಳು ಒಪ್ಪುತ್ತಿರಲಿಲ್ಲ. ಇತ್ತ ಪಂದ್ಯದ ನಿಯಮಗಳಾದರೋ, ಮಾರಾಟದ ಕಾರಿನೊಡನೆ ಬಾರದ ಭಾಗವನ್ನು ಪಂದ್ಯದ ಕಾರಿಗೆ ತೊಡಿಸಲು ಬಿಡುತ್ತಿರಲಿಲ್ಲ. ಈ ಎರಡು ನಿಷೇಧಗಳ ನಡುವಿನ ಇಕ್ಕಟ್ಟಾದ ಹಾದಿಯೇ ಡಿಕ್ಕಿ! ರೆಕ್ಕೆಯನ್ನು ಅದರಲ್ಲಿಟ್ಟು ಕೊಟ್ಟರೆ ಎರಡು ಕಾನೂನುಗಳಿಗೂ ಗೌರವ ಸಂದಂತಾಯಿತು. ಜೋಡಿಸಿಕೊಳ್ಳುವುದೂ ಬಿಡುವುದೂ ಕೊಂಡವನ ಹೊಣೆ.

ಇಂದು ಲೋಕದ ನಾನಾ ದೇಶಗಳಲ್ಲಿ ವೇಗದ ಕಾರುಗಳ ಒಡೆಯರು ಇಂಥ ಬಿಡಿಭಾಗಗಳನ್ನು ಕೊಂಡು ತೊಡಿಸುತ್ತಾರೆ. ಹಿಂದೆ ರೆಕ್ಕೆ, ಮುಂದೆ ನೆಲಕ್ಕಿಳಿದ ತುಟಿ, ಪಕ್ಕದಲ್ಲಿ ಉಬ್ಬಿದ ಮಡ್‌ಗಾರ್ಡುಗಳು. ಮೂಲ ಕಾರ್ಖಾನೆಯವರಲ್ಲದೆ ಇತರರೂ ಇವನ್ನು ತಯಾರಿಸುವುದು ದೊಡ್ಡದೊಂದು ಉದ್ಯಮವಾಗಿ ಬೆಳೆದಿದೆ. ಕೊಳ್ಳುವವರಲ್ಲಿ ಬಹುಮಂದಿ ನೋಟಕ್ಕೆ ಮರುಳಾದವರು. ಆದರೆ ಕಾರಿನ ಮೈಗೆ ಹೊಸದಾಗಿ ಅಂಟಿದ ಭಾಗ ಬರಿಯ ಒಡವೆಯಲ್ಲ. ವೇಗ ಏರಿದಂತೆ ಗಾಳಿ ಅದನ್ನು ಪರೀಕ್ಷಿಸುತ್ತದೆ. ಆ ಪರೀಕ್ಷೆಯಲ್ಲಿ ಗೆದ್ದರೆ ಅದು ಪ್ರಾಣವನ್ನು ಕಾಯುವುದು. ಸೋತರೆ ತೆಗೆಯುವುದೂ ಉಂಟು.

ಗಾಳಿಯ ಲೆಕ್ಕ

ವಿಮಾನದ ರೆಕ್ಕೆ ಗಾಳಿಯನ್ನು ಸೀಳಿಕೊಂಡು ಹೋಗುವಾಗ ಅದರ ಮೇಲ್ಭಾಗದಲ್ಲಿ ಗಾಳಿಯ ಒತ್ತಡ ಕಡಿಮೆಯಾಗಿ, ಕೆಳಗಿನ ಒತ್ತಡ ಹೆಚ್ಚಾಗಿ ವಿಮಾನ ಮೇಲಕ್ಕೇಳುತ್ತದೆ. ಕಾರಿನ ಮೈಯೂ ಮೇಲೆ ಡೊಂಕು, ಕೆಳಗೆ ಹೆಚ್ಚುಕಡಿಮೆ ಮಟ್ಟ. ಆದುದರಿಂದ ಅತಿವೇಗದಲ್ಲಿ ಓಡುವ ಕಾರಿಗೂ ಕೊಂಚ ಮೇಲೇಳುವ ಚಪಲ ಬರುತ್ತದೆ. ಅದು ಹಾರುವುದಿಲ್ಲ, ನಿಜ. ಆದರೆ ಚಕ್ರಗಳ ಮೇಲಿನ ಭಾರ ಹಗುರವಾಗುತ್ತದೆ. ಟಯರು ನೆಲವನ್ನು ಕಚ್ಚಿ ಹಿಡಿಯುವುದು ತನ್ನ ಮೇಲೆ ಬಿದ್ದ ಭಾರದ ಬಲದಿಂದ. ಭಾರ ತಗ್ಗಿದರೆ ಹಿಡಿತವೂ ತಗ್ಗಿತು. ತಿರುವಿನಲ್ಲಿ ಹೀಗಾದರೆ ಕಾರಿನ ಹಿಂಬದಿ ಚಾಲಕನ ಅಂಕೆ ಮೀರಿ ಜಾರುತ್ತದೆ.

ಇದಕ್ಕೆ ಕಂಡುಕೊಂಡ ಪರಿಹಾರ ವಿಮಾನದ ರೆಕ್ಕೆಯನ್ನೇ ತಲೆಕೆಳಗು ಮಾಡಿ ಕಾರಿಗೆ ಕಟ್ಟುವುದು. ವಿಮಾನಕ್ಕೆ ಏರುವ ಬಲ ಕೊಟ್ಟದ್ದು ಕಾರಿಗೆ ನೆಲಕ್ಕೊತ್ತುವ ಬಲವನ್ನು ಕೊಡುತ್ತದೆ. ಇನ್ನೊಂದು ಬಗೆಯ ಸಾಧನ ‘ಸ್ಪಾಯ್ಲರ್’. ಇದು ಕಾರಿನ ಬೆನ್ನಿಗೆ ಅಂಟಿದ ಗಿಡ್ಡ ಅಂಚು. ಬೆನ್ನ ಮೇಲೆ ಜಾರಿ ಬರುವ ಗಾಳಿಯ ಸರಾಗವನ್ನು ಕೆಡಿಸಿ, ಮೇಲಕ್ಕೆಳೆಯುವ ಅದರ ಬಲವನ್ನು ಮುರಿಯುವುದು ಇದರ ಕೆಲಸ.

ಇಲ್ಲೊಂದು ಲೆಕ್ಕವನ್ನು ಮನಸ್ಸಿನಲ್ಲಿಡಬೇಕು. ವೇಗ ಎರಡು ಪಟ್ಟಾದರೆ ಗಾಳಿಯ ಬಲ ನಾಲ್ಕು ಪಟ್ಟಾಗುತ್ತದೆ. ವೇಗ ನಾಲ್ಕು ಪಟ್ಟಾದರೆ ಬಲ ಹದಿನಾರು ಪಟ್ಟು. ಗಂಟೆಗೆ 200 ಕಿಲೋಮೀಟರು ವೇಗದಲ್ಲಿ ಕಾರನ್ನು ನೆಲಕ್ಕೊತ್ತುವ ರೆಕ್ಕೆ, 50 ಕಿಲೋಮೀಟರು ವೇಗದಲ್ಲಿ ಆ ಬಲದ ಹದಿನಾರರಲ್ಲಿ ಒಂದು ಪಾಲನ್ನು ಮಾತ್ರ ಕೊಡಬಲ್ಲುದು. ಪೇಟೆಯ ಬೀದಿಯಲ್ಲಿ ತೆವಳುವ ಕಾರಿಗೆ ಅದು ಹೊತ್ತು ತಿರುಗುವ ಹೊರೆಯೇ ಸರಿ.

ಮತ್ತೊಂದು ಮರ್ಮ ಸಮತೂಕದ್ದು. ಬಾವಿಯ ಏತವನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಂದು ತುದಿಯನ್ನು ತುಳಿದರೆ ಇನ್ನೊಂದು ತುದಿ ಏಳುತ್ತದೆ. ಹಿಂದಿನ ಚಕ್ರಗಳಿಗಿಂತಲೂ ಹಿಂದೆ ಚಾಚಿದ ರೆಕ್ಕೆ ಬಾಲವನ್ನು ಒತ್ತಿದಾಗ ಕಾರಿನ ಮೂತಿ ಅಷ್ಟಿಷ್ಟು ಹಗುರವಾಗುತ್ತದೆ. ತಿರುಗಬೇಕಾದ ಚಕ್ರಗಳು ಇರುವುದು ಮೂತಿಯಲ್ಲಿಯೇ! ಆದಕಾರಣ ಹಿಂದೆ ರೆಕ್ಕೆ ಕಟ್ಟುವವನು ಮುಂದೆಯೂ ತಕ್ಕ ಏರ್ಪಾಡು ಮಾಡಬೇಕು. ಚೆಂದವೆಂದು ಹಿಂದಿನದೊಂದನ್ನೇ ಕೊಂಡು ತಂದು ತೊಡಿಸುವುದು ತಕ್ಕಡಿಯ ಒಂದೇ ತಟ್ಟೆಗೆ ತೂಕದ ಕಲ್ಲನ್ನಿಟ್ಟಂತೆ.

ಮುರಿದ ರೆಕ್ಕೆಗಳು

ರೆಕ್ಕೆಯನ್ನು ಕಟ್ಟಿದರೆ ಸಾಲದು, ಅದು ನಿಲ್ಲುವಂತೆ ಕಟ್ಟಬೇಕು. ಈ ಪಾಠವನ್ನು ಲೋಕಕ್ಕೆ ಕಲಿಸಿದುದು 1969ರ ಮೇ 4ರಂದು ಸ್ಪೇನ್ ದೇಶದ ಬಾರ್ಸೆಲೋನಾ ನಗರದಲ್ಲಿ ನಡೆದ ಪಂದ್ಯ. ಮೊಂಜುಯಿಕ್ ಎಂಬ ಗುಡ್ಡದ ಉದ್ಯಾನದ ರಸ್ತೆಗಳೇ ಅಂದು ಪಂದ್ಯದ ಹಾದಿ. ಆ ಕಾಲದ ಫಾರ್ಮುಲಾ ಒನ್ ಕಾರುಗಳಲ್ಲಿ ರೆಕ್ಕೆಗಳು ಚಾಲಕನ ತಲೆಯಿಂದಲೂ ಮೇಲೆ, ಸಣಕಲು ಕಂಬಗಳ ಮೇಲೆ ನಿಂತಿರುತ್ತಿದ್ದುವು.

ಲೋಟಸ್ ತಂಡದ ಗ್ರಹಾಂ ಹಿಲ್ ದಿಣ್ಣೆಯೊಂದನ್ನು ದಾಟುತ್ತಿದ್ದಂತೆ ಆತನ ಕಾರಿನ ರೆಕ್ಕೆ ಮುರಿಯಿತು. ಕಾರು ಅಂಕೆ ತಪ್ಪಿ ರಸ್ತೆಯಂಚಿನ ತಡೆಗೆ ಬಡಿಯಿತು. ಹಿಲ್ ಉಳಿದುಕೊಂಡ. ಕೆಲವು ಸುತ್ತುಗಳ ತರುವಾಯ ಅದೇ ತಂಡದ ಯೋಹೆನ್ ರಿಂಟ್ ಅದೇ ಎಡೆಗೆ ಬಂದಾಗ ಆತನ ರೆಕ್ಕೆಯೂ ಮುರಿಯಿತು. ಆತನ ಕಾರು ಹಿಲ್‌ನ ಜಜ್ಜಿದ ಕಾರಿಗೇ ಹೋಗಿ ಅಪ್ಪಳಿಸಿತು. ರಿಂಟ್ ಗಾಯಗೊಂಡು ಆಸ್ಪತ್ರೆ ಸೇರಿದ. ನೆಲಕ್ಕೊತ್ತುವ ಬಲವನ್ನೇ ನಂಬಿ ವೇಗವಾಗಿ ಓಡುತ್ತಿದ್ದ ಕಾರಿಗೆ ಆ ಬಲ ಕಣ್ಣೆವೆ ಇಕ್ಕುವಷ್ಟರಲ್ಲಿ ಇಲ್ಲವಾದರೆ ಆಗುವ ಗತಿ ಅದು. ಎರಡು ವಾರ ಕಳೆಯುವುದರೊಳಗೆ, ಮೊನಾಕೊದ ಪಂದ್ಯಕ್ಕಾಗಿ ಅಭ್ಯಾಸ ನಡೆದಿರುವಾಗಲೇ, ಎತ್ತರದ ರೆಕ್ಕೆಗಳು ನಿಷೇಧಕ್ಕೆ ಒಳಗಾದುವು. ಮುಂದೆ ರೆಕ್ಕೆಗಳಿಗೆ ಮತ್ತೆ ಅನುಮತಿ ದೊರೆತಾಗ ಅವು ಗಿಡ್ಡವಾಗಿದ್ದುವು, ಕಾರಿನ ಮೈಗೆ ಭದ್ರವಾಗಿ ಕಟ್ಟಿಕೊಂಡಿದ್ದುವು.

ರೆಕ್ಕೆಯ ಗೆಲುವು

ಇನ್ನು ಮ್ಯೂನಿಕ್ಕಿನ ಕಾರಿಗೆ ಮರಳಬಹುದು. ಅದರ ಹೆಸರು 3.0 ಸಿ.ಎಸ್.ಎಲ್. ಕೊನೆಯ ಅಕ್ಷರ ಜರ್ಮನ್ ಭಾಷೆಯಲ್ಲಿ ‘ಹಗುರ ರಚನೆ’ ಎಂಬುದನ್ನು ಸೂಚಿಸುತ್ತದೆ. ತೆಳುವಾದ ಉಕ್ಕಿನ ತಗಡು, ಅಲ್ಯೂಮಿನಿಯಮ್ಮಿನ ಬಾಗಿಲು ಮತ್ತು ಬಾನೆಟ್ಟು, ಹೀಗೆ ಎಲ್ಲೆಲ್ಲೂ ಭಾರವನ್ನು ಕಳೆದು ಕಟ್ಟಿದ ಕಾರು ಅದು. ಆದರೆ 1971 ಮತ್ತು 1972ರಲ್ಲಿ ಯೂರೋಪಿನ ಟೂರಿಂಗ್ ಕಾರು ಪಂದ್ಯಗಳಲ್ಲಿ ಮೆರೆದುದು ಫೋರ್ಡ್ ಕಂಪೆನಿಯ ಕ್ಯಾಪ್ರಿ. ಬಿ.ಎಂ.ಡಬ್ಲ್ಯು. ಒಂದು ಜಾಣತನ ಮಾಡಿತು. ಫೋರ್ಡಿನ ಪಂದ್ಯ ವಿಭಾಗವನ್ನು ನಡೆಸುತ್ತಿದ್ದ ಯೋಹೆನ್ ನೇರ್‌ಪಾಶ್ ಅವರನ್ನೂ, ಅವರ ಜೊತೆಗಾರ ಇಂಜಿನಿಯರ್ ಮಾರ್ಟಿನ್ ಬ್ರೌನ್‌ಗಾರ್ಟ್ ಅವರನ್ನೂ 1972ರಲ್ಲಿ ತನ್ನ ಕಡೆಗೆ ಬರಮಾಡಿಕೊಂಡಿತು.

ಹಗುರವಾದ ಕಾರು ಅತಿವೇಗದಲ್ಲಿ ನೆಲ ಬಿಡಲು ಇನ್ನಷ್ಟು ಆತುರಪಡುತ್ತದೆ. ಇಂಜಿನಿಯರುಗಳು ಅದನ್ನು ಗಾಳಿಸುರಂಗದಲ್ಲಿ ನಿಲ್ಲಿಸಿ ಪರೀಕ್ಷಿಸಿದರು. ಮೂತಿಯ ಕೆಳಗೆ ಆಳವಾದ ಗಾಳಿತಡೆ, ಮುಂದಿನ ಮಡ್‌ಗಾರ್ಡುಗಳ ಮೇಲೆ ಮೀನಿನ ಈಜುರೆಕ್ಕೆಯಂಥ ಪಟ್ಟಿಗಳು, ಹಿಂದಿನ ಗಾಜಿನ ನೆತ್ತಿಯಲ್ಲಿ ಒಂದು ಅಂಚು, ಬಾಲದಲ್ಲಿ ದೊಡ್ಡ ರೆಕ್ಕೆ; ಇವೆಲ್ಲವೂ ಒಂದಕ್ಕೊಂದು ಹೊಂದುವಂತೆ ರೂಪುಗೊಂಡುವು. ಹಿಂದೆ ಕೊಟ್ಟುದನ್ನು ಮುಂದೆಯೂ ಕೊಟ್ಟು ಏತದ ಎರಡು ತುದಿಗಳನ್ನೂ ಸಮನಿಸಿದರೆಂಬುದು ಇಲ್ಲಿಯ ಹೆಚ್ಚುಗಾರಿಕೆ.

ಫಲ ಬೇಗನೆ ಕಂಡಿತು. 1973ರ ಪ್ರಶಸ್ತಿ ಈ ಕಾರಿನದಾಯಿತು. ಅದನ್ನು ಓಡಿಸಿದ ಡಚ್ ಚಾಲಕ ಟೋನ್ ಹೆಜೆಮಾನ್ಸ್ ಚಾಂಪಿಯನ್ ಆದ. ಮುಂದೆ 1975ರಿಂದ 1979ರವರೆಗೆ ಐದು ವರ್ಷ ಸತತವಾಗಿ ಯೂರೋಪಿನ ಆ ಪ್ರಶಸ್ತಿ ಇದೇ ಕಾರಿನ ಪಾಲಿಗೆ ಬಂದಿತು. ಜನ ಇದನ್ನು ಚಿತ್ರಕಥೆಯ ಬ್ಯಾಟ್‌ಮನ್ನನ ವಾಹನಕ್ಕೆ ಹೋಲಿಸಿ ‘ಬ್ಯಾಟ್‌ಮೊಬೈಲ್’ ಎಂದು ಕರೆದರು. 1975ರಲ್ಲಿ ಅಮೆರಿಕದ ಶಿಲ್ಪಿ ಅಲೆಕ್ಸಾಂಡರ್ ಕಾಲ್ಡರ್ ಇಂಥದೊಂದು ಕಾರಿನ ಮೈಯನ್ನೇ ಚಿತ್ರಪಟವಾಗಿಸಿ ಬಣ್ಣ ತುಂಬಿದ. ಡಿಕ್ಕಿಯಲ್ಲಿ ಅಡಗಿ ಹೊರಟ ರೆಕ್ಕೆ ಕಲೆಯ ಲೋಕಕ್ಕೂ ಹಾರಿತೆನ್ನಬೇಕು.

ಚೆಲುವಿಗೆ ಬಂದ ಕುತ್ತು

ಇಪ್ಪತ್ತೈದು ವರ್ಷಗಳ ತರುವಾಯ ಅದೇ ಜರ್ಮನಿಯಲ್ಲಿ ಇದರ ತದ್ವಿರುದ್ಧವಾದ ಸನ್ನಿವೇಶ ಒದಗಿತು. 1998ರಲ್ಲಿ ಆಡಿ ಕಂಪೆನಿಯ ‘ಟಿ.ಟಿ.’ ಎಂಬ ಪುಟ್ಟ ಸ್ಪೋರ್ಟ್ಸ್ ಕಾರು ಮಾರಾಟಕ್ಕೆ ಬಂದಿತು. ದುಂಡು ದುಂಡಾದ ನುಣುಪು ಮೈ. ಎಲ್ಲಿಯೂ ಒಂದು ಹೆಚ್ಚಿನ ಗೆರೆಯಿಲ್ಲ. ವಿನ್ಯಾಸವನ್ನು ಬಲ್ಲವರು ತಲೆದೂಗಿದರು. ಆದರೆ ಆ ನುಣುಪಾದ ಬೆನ್ನ ಮೇಲೆ ಗಾಳಿಯೂ ನುಣ್ಣಗೆ ಜಾರುತ್ತಿತ್ತು. ವೇಗಕ್ಕೆ ಮಿತಿಯಿಲ್ಲದ ಹೆದ್ದಾರಿಗಳಲ್ಲಿ ಅತಿವೇಗದಿಂದ ಹೋಗುತ್ತ ಥಟ್ಟನೆ ದಿಕ್ಕು ಬದಲಿಸಿದಾಗ ಹಿಂಬದಿ ಜಾರಿ ಅಪಘಾತಗಳಾದುವು, ಸಾವುಗಳೂ ಸಂಭವಿಸಿದುವು.

1999ರ ಕೊನೆಯ ಹೊತ್ತಿಗೆ ಕಂಪೆನಿ ಮಾರಿದ ಕಾರುಗಳನ್ನು ಹಿಂದಕ್ಕೆ ಕರೆಸಿ ತಿದ್ದಿಕೊಡಲು ಮುಂದಾಯಿತು. ತಿದ್ದಿದುದು ಚಕ್ರಗಳನ್ನು ಮೈಗೆ ಸೇರಿಸುವ ಸಸ್ಪೆನ್ಷನ್ ಭಾಗಗಳನ್ನು. ಹೊಸದಾಗಿ ಸೇರಿಸಿದುದು ಡಿಕ್ಕಿಯ ಮೇಲೊಂದು ಚಿಕ್ಕ ಸ್ಪಾಯ್ಲರ್. ಜಾರುವ ಕಾರನ್ನು ತಾನಾಗಿ ಹಿಡಿದು ನಿಲ್ಲಿಸುವ ವಿದ್ಯುನ್ಮಾನ ಸಾಧನವೂ ಮುಂದಿನ ಕಾರುಗಳಿಗೆ ಬಂದಿತು. ನಿರಾಭರಣ ಸುಂದರಿಯಾಗಿದ್ದ ಕಾರಿಗೆ ಈ ಅಂಚು ಒಪ್ಪದೆಂದು ಕೊರಗಿದವರೂ ಇದ್ದರು. ಆದರೆ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೊರಡುವವನಿಗೆ ಬೆನ್ನಿನ ಗೆರೆ ಮುಖ್ಯವೋ, ಎಲ್ಲರೂ ಮನೆಗೆ ಮರಳುವುದು ಮುಖ್ಯವೋ?

ಕೈಕೆಲಸದ ಮರ್ಮ

ಇಂಥ ಭಾಗಗಳನ್ನು ಕೂರಿಸುವ ಕೆಲಸ ನೋಡಿದಷ್ಟು ಸುಲಭವಲ್ಲ. ಮಾರುಕಟ್ಟೆಯ ಭಾಗಗಳಲ್ಲಿ ಅನೇಕವು ಗಾಜಿನ ನಾರಿಗೆ ರಾಳವನ್ನು ಹಚ್ಚಿ ಅಚ್ಚಿನಲ್ಲಿ ತೆಗೆದ ಫೈಬರ್ ಗ್ಲಾಸಿನವು. ಅಚ್ಚಿನಿಂದ ಬಂದುದು ಕಾರಿನ ಮೈಗೆ ಕೂದಲೆಳೆಯೂ ತಪ್ಪದೆ ಹೊಂದುವುದು ಅಪರೂಪ. ಆದುದರಿಂದ ಅನುಭವವುಳ್ಳ ಕೆಲಸಗಾರ ಬಣ್ಣ ಬಳಿಯುವ ಮೊದಲೇ ಅದನ್ನು ಕಾರಿಗೆ ಹಿಡಿದು, ಅಂಟುಪಟ್ಟಿಯಿಂದ ನಿಲ್ಲಿಸಿ, ಬಾಗಿಲು ಬಾನೆಟ್ಟುಗಳ ಸಂದು ಎಲ್ಲ ಕಡೆಯೂ ಒಂದೇ ಸಮನಾಗಿದೆಯೇ ಎಂದು ನೋಡುತ್ತಾನೆ. ಹೆಚ್ಚಾದ ಕಡೆ ಉಜ್ಜುತ್ತಾನೆ, ಕಡಿಮೆಯಾದ ಕಡೆ ತುಂಬುತ್ತಾನೆ. ದುಡುಕುವವನು ಮೊದಲು ಬಣ್ಣ ಹೊಡೆದು, ಆಮೇಲೆ ಸಂದು ಕೂಡದೆ ಉಜ್ಜಿ, ಎರಡು ಸಲ ಬಣ್ಣಕ್ಕೆ ದುಡ್ಡು ತೆರುತ್ತಾನೆ.

ಕಾರಿನ ತಗಡಿಗೆ ತೂತು ಕೊರೆಯುವುದೆಂದರೆ ತುಕ್ಕಿಗೆ ಬಾಗಿಲು ತೆರೆದಂತೆ. ಕೊರೆದ ಅಂಚಿಗೆ ತುಕ್ಕು ತಡೆಯುವ ಬಣ್ಣವನ್ನು ಹಚ್ಚಿ, ನೀರು ಇಳಿಯದಂತೆ ಬಿಗಿಮಾಡಬೇಕು. ರೆಕ್ಕೆಯ ಬೋಲ್ಟುಗಳನ್ನು ತೆಳುತಗಡಿಗೆ ನೇರವಾಗಿ ಬಿಗಿದರೆ ಗಾಳಿಯ ಎಳೆತಕ್ಕೆ ತಗಡೇ ಕಿತ್ತುಬರಬಹುದು. ಆದಕಾರಣ ತಗಡಿನ ಒಳಮೈಯಲ್ಲಿ ಅಗಲವಾದ ಲೋಹದ ಪಟ್ಟಿಯನ್ನಿಟ್ಟು ಬಲವನ್ನು ಹಂಚಬೇಕು. ಬಾರ್ಸೆಲೋನಾದ ಪಾಠವೇ ಇಲ್ಲಿಯೂ ಅನ್ವಯಿಸುತ್ತದೆ.

ಅಗಲವಾದ ಮಡ್‌ಗಾರ್ಡುಗಳನ್ನು ತೊಡಿಸಲು ಕೆಲವೊಮ್ಮೆ ಮೂಲ ತಗಡನ್ನು ಕತ್ತರಿಸಬೇಕಾಗುತ್ತದೆ. ಕತ್ತರಿಸಿದುದು ಮತ್ತೆ ಮೊದಲಿನಂತಾಗದು. ಚಕ್ರವನ್ನು ಎರಡು ಕಡೆಗೂ ಪೂರ್ತಿ ತಿರುಗಿಸಿ, ಕಾರು ಭಾರಕ್ಕೆ ಕುಸಿದಾಗಲೂ ಟಯರು ಎಲ್ಲಿಯೂ ಉಜ್ಜದೆಂಬುದನ್ನು ಖಚಿತಮಾಡಿಕೊಳ್ಳಬೇಕು. ಮುಂದಿನ ಬಂಪರನ್ನು ಬದಲಿಸುವಾಗ ಇನ್ನೂ ಎಚ್ಚರ ಬೇಕು. ಬಂಪರಿನ ಹಿಂದೆ ಪೆಟ್ಟನ್ನು ನುಂಗುವ ತೊಲೆಯಿರುತ್ತದೆ. ರೇಡಿಯೇಟರಿಗೂ ಬ್ರೇಕಿಗೂ ತಂಪು ಗಾಳಿ ಹೋಗುವ ದಾರಿಯಿರುತ್ತದೆ. ನೋಟದ ಮೋಹಕ್ಕೆ ಇವುಗಳಲ್ಲಿ ಒಂದನ್ನು ತೆಗೆದರೂ ಕಷ್ಟಕಾಲದಲ್ಲಿ ಕೈಕೊಡುವ ಗೆಳೆಯನನ್ನು ಮನೆಯಲ್ಲಿಟ್ಟುಕೊಂಡಂತಾಗುತ್ತದೆ.

ಕಾನೂನಿನ ಮಾತು

ಭಾರತದಲ್ಲಿ ಈ ಹವ್ಯಾಸಕ್ಕೆ ಇಳಿಯುವವರು ಗ್ಯಾರೇಜಿಗೆ ಹೋಗುವ ಮೊದಲು ಕಾನೂನನ್ನು ತಿಳಿಯುವುದು ಲೇಸು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣದಂತೆ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಿಗದಿ ಮಾಡಿದುದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವ ಹಾಗಿಲ್ಲ. ಕೇರಳದಿಂದ ಬಂದ ಮೊಕದ್ದಮೆಯೊಂದರಲ್ಲಿ ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಕಾಯಿದೆಯ ಪ್ರಕಾರ, ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಟಿಗೂ ಒಡೆಯನಿಗೆ 5,000 ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ಎರಡೂ ಬರಬಹುದು. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯಲ್ಲಿ ಕಣ್ಣಿಗೆ ಬಿದ್ದ ಭಾಗವೆಲ್ಲ ರಸ್ತೆಗೂ ಸಲ್ಲುವುದೆಂದು ತಿಳಿಯಬಾರದು.

ಇದು ಹರೆಯದ ಹುರುಪಿಗೆ ಹಾಕಿದ ಬೇಡಿಯೆಂದು ತರುಣರಿಗೆ ತೋರಬಹುದು. ಆದರೆ ಬಿ.ಎಂ.ಡಬ್ಲ್ಯು. ಇಂಜಿನಿಯರುಗಳು ಕೂಡ, ಗಾಳಿಸುರಂಗದಲ್ಲಿ ಅಳೆದು ತೂಗಿ ಮಾಡಿದ ಆ ರೆಕ್ಕೆಯನ್ನು ರಸ್ತೆಯ ಕಾನೂನಿಗೆ ತಲೆಬಾಗಿ ಡಿಕ್ಕಿಯಲ್ಲಿಟ್ಟು ಕಳುಹಿಸಿದರು. ಪಂದ್ಯದ ಹಾದಿಯಲ್ಲಿ ಅದು ಗೆಲುವಿನ ಸಾಧನ. ಮಕ್ಕಳು ಮುದುಕರು ದಾಟುವ ಬೀದಿಯಲ್ಲಿ ಅದಕ್ಕೆ ಕೆಲಸವಿರಲಿಲ್ಲ. ಯಾವ ಭಾಗ ಎಲ್ಲಿಗೆ ಸಲ್ಲುವುದೆಂಬ ಆ ವಿವೇಕ ಯಾವ ಅಂಗಡಿಯಲ್ಲಿಯೂ ಬಿಡಿಯಾಗಿ ಸಿಗುವ ವಸ್ತುವಲ್ಲ. ಅದು ಕಾರಿನ ಒಡೆಯನ ತಲೆಯಲ್ಲಿಯೇ ಜೋಡಣೆಗೊಂಡಿರಬೇಕು.