ಕ್ಯಾಮರದ ಫಲಕವೂ ಅದರ ಭಾರವೂ

ಮಕ್ಕಳಿಗೆ ಕ್ಯಾಮರವನ್ನು ಕೊಡಿಸಬೇಕೆಂದಿರುವ ತಾಯಿತಂದೆಗಳು ಅಂಗಡಿಯಲ್ಲಿ ಮೊದಲು ಕೇಳುವುದು ಮೆಗಾಪಿಕ್ಸೆಲುಗಳೆಷ್ಟೆಂಬುದನ್ನು. ಆದರೆ ಚಿತ್ರದ ಗುಣವು ಆ ಸಂಖ್ಯೆಯೊಂದರಿಂದಲೇ ನಿರ್ಣಯವಾಗತಕ್ಕದ್ದಲ್ಲ. ಮಸೂರದ ಹಿಂದೆ ಬೆಳಕನ್ನು ಹಿಡಿಯುವ ಸೆನ್ಸರ್ ಎಂಬ ಫಲಕದ ವಿಸ್ತಾರವೂ ಅಷ್ಟೇ ಮುಖ್ಯವಾದುದು. ಇದನ್ನರಿಯದೆ ಕಷ್ಟಾರ್ಜಿತವನ್ನು ವ್ಯಯಮಾಡಿ ಕೊಂಡ ಯಂತ್ರವು ಅನೇಕ ವೇಳೆ ಬೀರುವಿನಲ್ಲಿಯೇ ಉಳಿದುಬಿಡುವುದು. ಆದಕಾರಣ ಈ ವಿಷಯವನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಪೋಷಕರಿಗೂ ಸಂಗ್ರಹವಾಗಿ ತಿಳಿಸಲಪೇಕ್ಷಿಸುತ್ತೇವೆ.

ದೊಡ್ಡ ಕ್ಯಾಮರಗಳ 'ಫುಲ್ ಫ್ರೇಮ್' ಫಲಕವು 36 ಮಿಲಿಮೀಟರ್ ಉದ್ದ, 24 ಮಿಲಿಮೀಟರ್ ಅಗಲ. 1925ರಲ್ಲಿ ಜರ್ಮನಿಯಿಂದ ಹೊರಬಂದ ಲೈಕಾ ಕ್ಯಾಮರದ ಫಿಲ್ಮಿಗೂ ಇದೇ ಅಳತೆಯಿದ್ದಿತು. 'ಮೈಕ್ರೋ ಫೋರ್ ಥರ್ಡ್ಸ್' ಎಂಬ ಫಲಕದ ಕ್ಷೇತ್ರಫಲ ಇದರ ಸುಮಾರು ಕಾಲುಭಾಗ. ಜೇಬಿನಲ್ಲಿಡುವ ಅನೇಕ ಸಣ್ಣ ಕ್ಯಾಮರಗಳದು ಸುಮಾರು ಮೂವತ್ತರಲ್ಲೊಂದು ಭಾಗ.

ಮಳೆಯಲ್ಲಿ ಅಂಗಳಕ್ಕೆ ಹರಿವಾಣವನ್ನೂ ಬಟ್ಟಲನ್ನೂ ಇಟ್ಟರೆ ಹರಿವಾಣದಲ್ಲಿ ಹೆಚ್ಚು ನೀರು ಕೂಡುವುದಷ್ಟೆ. ಬೆಳಕೂ ಹಾಗೆಯೇ ಕಣಕಣವಾಗಿ ಬೀಳುತ್ತದೆ. ತುಂತುರಿನಲ್ಲಿ ಸಾಲಾಗಿಟ್ಟ ಬಟ್ಟಲುಗಳ ಪೈಕಿ ಒಂದಕ್ಕೆ ಹತ್ತು ಹನಿ, ಮತ್ತೊಂದಕ್ಕೆ ಆರು ಹನಿ ಬೀಳಬಹುದು; ಜಡಿಮಳೆಯಲ್ಲಿ ಅಂಥ ಅಂತರವು ಗಣನೆಗೆ ಬಾರದು. ಮಂದಬೆಳಕಿನಲ್ಲಿ ಸಣ್ಣ ಫಲಕದ ಚಿತ್ರವು ಮರಳುಮರಳಾಗಿ ಕಾಣುವುದಕ್ಕೆ ಈ ಏರುಪೇರೇ ಕಾರಣ. ಮಸೂರದ ತೆರವಿನ ಪ್ರಮಾಣವೂ ಕಾಲಾವಧಿಯೂ ಒಂದೇ ಆಗಿದ್ದರೆ, ನಾಲ್ಮಡಿ ವಿಸ್ತಾರದ ಫಲಕವು ನಾಲ್ಮಡಿ ಬೆಳಕನ್ನು ಹಿಡಿದು ಈ ದೋಷವನ್ನು ಸುಮಾರು ಅರ್ಧಕ್ಕಿಳಿಸುತ್ತದೆ.

ಹಾಗಾದರೆ ಎಲ್ಲರೂ ದೊಡ್ಡದನ್ನೇ ಕೊಳ್ಳಬೇಕೆ? ಚಳ್ಳಕೆರೆ ತಾಲ್ಲೂಕಿನ ಕುದಾಪುರದ ಕಡೆಗೆ ಹೋಗಿ ನೋಡೋಣ. ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವಿರುವ ಈ ಸೀಮೆಯು ಅಮೃತಮಹಲ್ ಕಾವಲುಗಳ ಹುಲ್ಲುಗಾವಲು, ಕೃಷ್ಣಮೃಗಗಳ ನೆಲೆ. ಬಯಲಿನಲ್ಲಿ ಮರೆಯಿಲ್ಲ, ಸಮೀಪಿಸಿದರೆ ಮೃಗವು ಬೆದರಿ ಓಡುವುದು. ಆದುದರಿಂದ ದೂರದಿಂದಲೇ ಚಿತ್ರ ತೆಗೆಯಬೇಕು. ಫುಲ್ ಫ್ರೇಮಿಗೆ 600 ಮಿಲಿಮೀಟರಿನ ಮಸೂರವು ಬೇಕಾದೆಡೆಯಲ್ಲಿ ಮೈಕ್ರೋ ಫೋರ್ ಥರ್ಡ್ಸಿಗೆ 300 ಸಾಕು. ಮೊದಲನೆಯದಕ್ಕೆ ಮುಕ್ಕಾಲಿಯೇ ಬೇಕಾದೀತು. ಎರಡನೆಯದನ್ನು ಹೆಗಲಿಗೆ ಹಾಕಿಕೊಂಡು ನಡೆಯಬಹುದು. ಆದರೆ ಇಲ್ಲಿ ಭಾರವಿಳಿದುದು ಬೆಳಕನ್ನು ಬಿಟ್ಟುದರಿಂದಲೇ ಎಂಬುದನ್ನು ಮರೆಯಲಾಗದು. ಬಯಲುಸೀಮೆಯ ಪ್ರಖರವಾದ ಬಿಸಿಲಿನಲ್ಲಿ ಈ ನಷ್ಟವು ಅಷ್ಟಾಗಿ ಕಾಣದು. ಮುಂಜಾವದಲ್ಲಿಯೂ ಮುಚ್ಚಂಜೆಯಲ್ಲಿಯೂ ಸ್ಪಷ್ಟವಾಗಿ ಕಾಣುವುದು. ಮೊಬೈಲುಗಳು ಹಲವು ಚಿತ್ರಗಳನ್ನು ಒಂದುಗೂಡಿಸಿ ಈ ಕೊರತೆಯನ್ನು ತಕ್ಕಮಟ್ಟಿಗೆ ತುಂಬುತ್ತವೆ. ನೆಗೆಯುವ ಮೃಗದ ಮುಂದೆ ಆ ಉಪಾಯವು ಅಷ್ಟಾಗಿ ಸಾಗದು.

ಆದಕಾರಣ, ಕೊಳ್ಳುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿರಿ: ಎಂಥ ಬೆಳಕಿನಲ್ಲಿ ತೆಗೆಯುವೆವು? ಎಷ್ಟು ದೂರದಿಂದ? ಎಷ್ಟು ಭಾರವನ್ನು ಹೊರುವೆವು? ಸಂಜೆಯ ದೀಪಗಳಲ್ಲಿ ನಡೆಯುವ ಕ್ರಿಸ್ಮಸ್ ಆರಾಧನೆಯನ್ನು ಚಿತ್ರಿಸುವವಳಿಗೆ ದೊಡ್ಡ ಫಲಕವು ನಿಜವಾದ ಸಹಾಯ. ಹಗಲಿನಲ್ಲಿ ಹೂ, ಹೊಲ, ಗೆಳತಿಯರನ್ನು ಚಿತ್ರಿಸುವ ಬಾಲಿಕೆಗೆ ಸಣ್ಣದೇ ಧಾರಾಳವಾಗಿ ಸಾಕು. ಹೊರಲಾರದೆ ಮನೆಯಲ್ಲಿಟ್ಟ ಕ್ಯಾಮರವು ಎಷ್ಟೇ ಶ್ರೇಷ್ಠವಾಗಿದ್ದರೂ ಚಿತ್ರವನ್ನು ತೆಗೆಯಲಾರದು.