ಗೋಡೆಗೆ ಬಣ್ಣ ಬಳಿದವರು ಕಲಾವಿದರೇ?

ಪ್ರಶ್ನೆ: ಬೀದಿಗೋಡೆಯ ಮೇಲೆ ಯಾರನ್ನೂ ಕೇಳದೆ ಚಿತ್ರ ಬರೆಯುವುದು ಕಲೆಯೋ, ಅಂದಗೆಡಿಸುವ ಕೆಲಸವೋ? – ಓದುಗರೊಬ್ಬರು, ಚಂದಾಪುರ

ಉತ್ತರ: ಕೆಲವು ಸಲ ಎರಡೂ. ಕಾನೂನು ಚಿತ್ರದ ಚೆಲುವು ನೋಡುವುದಿಲ್ಲ, ಅನುಮತಿ ಕೇಳುತ್ತದೆ. ಸಾರ್ವಜನಿಕ ಸ್ಥಳಗಳ ಅಂದಗೆಡಿಸುವುದನ್ನು ತಡೆಯಲು ರಾಜ್ಯದಲ್ಲಿ 1981ರ ಕಾಯ್ದೆಯೇ ಇದೆ. ಆದರೂ ಗೋಡೆ ತುಂಬ ಕೋಚಿಂಗ್ ಸೆಂಟರಿನ ಫೋನ್ ನಂಬರ್ ಬರೆದವರನ್ನೂ ಚಿತ್ರ ಬರೆದವರನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನನಗೆ ಮನಸ್ಸಿಲ್ಲ.

2015ರಲ್ಲಿ ಕಲಾವಿದ ಬಾದಲ್ ನಂಜುಂಡಸ್ವಾಮಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯನ್ನು ಕೊಳದಂತೆ ಮಾಡಿ, ಅದರಲ್ಲಿ ಮೊಸಳೆಯೊಂದನ್ನು ಮಲಗಿಸಿದರು. ಫೋಟೊ ದೇಶವೆಲ್ಲ ಸುತ್ತಿತು, ಪಾಲಿಕೆ ಗುಂಡಿ ಮುಚ್ಚಿತು. 2019ರಲ್ಲಿ ಇನ್ನೊಂದು ಹಾಳು ರಸ್ತೆಯ ಮೇಲೆ ಗಗನಯಾತ್ರಿಯನ್ನು ನಡೆಸಿ ಚಂದ್ರನ ನೆಲ ತೋರಿಸಿದರು. ಊರಿನ ಗಾಯವನ್ನು ಊರಿಗೇ ತೋರಿಸುವ ಇಂಥ ಕೆಲಸ ನಿಸ್ಸಂದೇಹವಾಗಿ ಕಲೆ. ಅನುಮತಿಯಿದ್ದರೂ ಕಲೆ ಸೊರಗಬೇಕಿಲ್ಲ: ಪೀಣ್ಯ ಮೆಟ್ರೊ ನಿಲ್ದಾಣದಲ್ಲಿ ಸೃಷ್ಟಿ ಕಲಾಶಾಲೆಯ ವಿದ್ಯಾರ್ಥಿಗಳು ಒಪ್ಪಿಗೆ ಪಡೆದೇ ಚಿತ್ರ ಬರೆದರು.

ಇನ್ನೊಬ್ಬರ ಮನೆಗೋಡೆಯಾದರೆ ಮಾತ್ರ ಕೇಳಿಯೇ ಬರೆಯಬೇಕು. ಹಂಪಿಯ ಕಲ್ಲಿನಲ್ಲಿ ಹೆಸರು ಕೆತ್ತುವುದಂತೂ ಶುದ್ಧ ಅಪರಾಧ. ರಕ್ಷಿತ ಸ್ಮಾರಕ ಕೆಡಿಸಿದವರಿಗೆ 2 ವರ್ಷದವರೆಗೆ ಜೈಲಾಗಬಹುದು.