ಸಂಡೂರಿನ ಸೂಜಿಗೋಷ್ಠಿ

ದೋಣಿಮಲೈಯ ಹೆಸರನ್ನೆತ್ತಿದೊಡನೆ, 1977ರಲ್ಲಿ ಕಾರ್ಯಾರಂಭಗೊಂಡ ಅಲ್ಲಿಯ ಕಬ್ಬಿಣದ ಗಣಿಯೂ, ಅದಿರನ್ನು ಹೊತ್ತು ಸಾಗುವ ವಾಹನಗಳೂ, ಗಿಡಮರಗಳ ಹಸುರನ್ನು ಮಾಸಿಸುವ ಕೆಂಧೂಳಿಯೂ ಮನಸ್ಸಿಗೆ ಬರುವುದು ಸಹಜವಾದರೂ, ಆ ಸಂಡೂರಿನ ಸೀಮೆಯಲ್ಲಿಯೇ, ಸುಶೀಲಾನಗರವೇ ಮೊದಲಾದ ಲಂಬಾಣಿ ತಾಂಡಾಗಳಲ್ಲಿ, ಗದ್ದಲವಿಲ್ಲದೆ ನಡೆದುಬಂದಿರುವ ಮತ್ತೊಂದು ಉದ್ಯೋಗವುಂಟು. ಅದು ಹೆಂಗಸರ ಕಸೂತಿ.

ಇದು ಎಳೆಗಳನ್ನು ಎಣಿಸಿ ಹೊಲಿಯುವ ಧಾರವಾಡದ ಕಸೂತಿಯಲ್ಲ. ಕನ್ನಡಿಯ ಬಿಲ್ಲೆ, ಕವಡೆ, ಮಣಿ, ನಾಣ್ಯ, ಉಣ್ಣೆಯ ಗೊಂಡೆ ಎಲ್ಲವೂ ಇದರೊಳಗೆ ಸೇರುತ್ತವೆ. ಕಿಲಣ್, ವೇಲೆ, ಮಾಕಿ, ರೇಲೋ, ನಾಕ್ರಾ ಮುಂತಾಗಿ 14 ಬಗೆಯ ಹೊಲಿಗೆಗಳನ್ನು ಹೆಸರಿಸುವ ವಾಡಿಕೆಯಿದೆ. ಅಂಚಿನಲ್ಲಿ ರಂಧ್ರವಿಲ್ಲದ ಕನ್ನಡಿಯನ್ನು ಬಟ್ಟೆಗೆ ಹಿಡಿಸುವ ಉಪಾಯವಂತೂ ಮೆಚ್ಚತಕ್ಕದ್ದು: ಬಿಲ್ಲೆಯ ಮೇಲೆ ದಾರವನ್ನು ಅಡ್ಡಡ್ಡಲಾಗಿ ಹಾಯಿಸಿ ಚೌಕಟ್ಟೊಂದನ್ನು ಕಟ್ಟಿ, ಆ ಚೌಕಟ್ಟಿಗೇ ಸೂಜಿಯನ್ನು ಸುತ್ತುಸುತ್ತಾಗಿ ಕೋದು ಬಿಗಿಯುತ್ತಾರೆ.

ಪಟ್ಟಣದ ಮನೆಗಳಲ್ಲಿ ಕೊಕ್ಕೆಯ ಕಡ್ಡಿಯಿಂದ ಕ್ರೋಶೆಯ ತೋರಣವನ್ನೂ, ಎರಡು ಕಡ್ಡಿಗಳಿಂದ ಉಣ್ಣೆಯ ಕುಲಾವಿಯನ್ನೂ ಹೆಣೆಯುವ ಗೃಹಿಣಿಯರ ಕೆಲಸಕ್ಕೂ ಇದಕ್ಕೂ ವ್ಯತ್ಯಾಸವುಂಟು. ಹೆಣಿಗೆ ನೂಲಿನಿಂದಲೇ ವಸ್ತ್ರವನ್ನು ಸೃಷ್ಟಿಸುವುದು. ಕಸೂತಿ ಇರುವ ವಸ್ತ್ರವನ್ನು ಅಲಂಕರಿಸುವುದು. ಆದರೆ ಎರಡರಲ್ಲಿಯೂ ಕಣ್ಣು ಕೈಗಳಿಗೆ ಕೆಲಸವಿದ್ದು ನಾಲಗೆ ಬಿಡುವಾಗಿರುವುದರಿಂದ, ನಾಲ್ವರು ಕಲೆತು ಕುಳಿತರೆ ಹರಟೆ, ಹಾಡು, ಪರಿಹಾಸ್ಯ, ನೆರೆಯವಳ ಬಣ್ಣದ ಆಯ್ಕೆಯ ಮೇಲಿನ ಟೀಕೆ ಇವೆಲ್ಲವೂ ತಾವಾಗಿಯೇ ಒದಗುತ್ತವೆ. ಹುಡುಗಿಯರು ಈ ವಿದ್ಯೆಯನ್ನು ಕಲಿಯುವುದೂ ಇಂಥ ಕೂಟದಲ್ಲಿಯೇ, ತಾಯಿ ಅಜ್ಜಿಯರ ಬೆರಳುಗಳನ್ನು ನೋಡುತ್ತ. ಶಾಲೆಯ ಹೊಲಿಗೆಯ ತರಗತಿಗೆ ಇಂಥ ಗುರುಗಳು ಎಲ್ಲಿಂದ ಸಿಗಬೇಕು!

ಈ ಕಲೆ ಗೋಡೆಯನ್ನು ಬಿಟ್ಟು ಬಟ್ಟೆಯನ್ನೇಕೆ ಆಶ್ರಯಿಸಿತೆಂಬುದಕ್ಕೆ ಲಂಬಾಣಿಗಳ ಚರಿತ್ರೆಯಲ್ಲಿಯೇ ಉತ್ತರವಿದೆ. ಎತ್ತುಗಳ ಮೇಲೆ ಧಾನ್ಯವನ್ನೂ ಉಪ್ಪನ್ನೂ ಹೇರಿಕೊಂಡು ದೇಶದೇಶಗಳನ್ನು ಸುತ್ತುತ್ತಿದ್ದವರಿಗೆ, ಇಂದು ಹೂಡಿ ನಾಳೆ ತೊರೆಯುವ ಬಿಡಾರವನ್ನು ಸಿಂಗರಿಸಿ ಫಲವೇನು? ಸೌಂದರ್ಯವೆಲ್ಲವೂ ಜೊತೆಯಲ್ಲಿ ಸಾಗುವ ಪೇಟಿಯಾ ಲಂಗಕ್ಕೆ, ಕಾಂಚಳಿ ರವಿಕೆಗೆ, ಸಂಚಿಗೆ, ಕೊಡ ಹೊರುವ ಸಿಂಬಿಗೆ ಸೇರಿತು. ರೈಲುದಾರಿಗಳು ಬಂದು ಆ ಸಾಗಾಟ ಇಲ್ಲವಾದ ಮೇಲೆಯೂ ಸೂಜಿ ಉಳಿದುಕೊಂಡಿತು; ಮುಂದೆ ಸಂಪಾದನೆಯ ದಾರಿಯೂ ಆಯಿತು. ಐರ್ಲೆಂಡಿನಲ್ಲಿ 1840ರ ದಶಕದ ಆಲೂಗಡ್ಡೆಯ ಕ್ಷಾಮಕಾಲದಲ್ಲಿ ಕ್ರೋಶೆಯ ಜಾಲರಿ ಎಷ್ಟೋ ಬಡ ಕುಟುಂಬಗಳಿಗೆ ಅನ್ನವಿತ್ತುದನ್ನು ಇಲ್ಲಿ ನೆನೆಯಬಹುದು.

ತಮಗಾಗಿಯೂ ಮಗಳ ಮದುವೆಗಾಗಿಯೂ ಹೊಲಿಯುತ್ತಿದ್ದ ಹೆಂಗಸರ ಕೈಗೆಲಸವನ್ನು ಪೇಟೆಗೆ ತಲಪಿಸಿದ್ದು ಸಂಡೂರು ಕುಶಲ ಕಲಾ ಕೇಂದ್ರ. ಕೈಚೀಲ, ದಿಂಬಿನ ಚೀಲ, ಮೇಲುಹೊದಿಕೆಗಳು ಆ ಹೊಲಿಗೆಯನ್ನು ಧರಿಸಿ ದೂರದೂರುಗಳಿಗೆ ಹೊರಟವು. 2004ರಲ್ಲಿಯೂ 2012ರಲ್ಲಿಯೂ ಯುನೆಸ್ಕೋದ ಉತ್ಕೃಷ್ಟತಾ ಮುದ್ರೆ, 2010ರಲ್ಲಿ ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತವು. 2023ರ ಜುಲೈ ತಿಂಗಳಲ್ಲಿ ಹಂಪಿಯ ಜಿ–20 ಸಭೆಯ ಸಂದರ್ಭದಲ್ಲಿ, 450ಕ್ಕೂ ಹೆಚ್ಚು ಮಹಿಳೆಯರು ಸಿದ್ಧಪಡಿಸಿದ 1755 ತುಣುಕುಗಳ ಪ್ರದರ್ಶನ ಗಿನ್ನೆಸ್ ದಾಖಲೆಯನ್ನೂ ಸೇರಿತು. ದಾಖಲೆಗಳ ವಿಷಯದಲ್ಲಿ ನನಗೆ ವಿಶೇಷ ಉತ್ಸಾಹವಿಲ್ಲ. ಅಷ್ಟು ಮಂದಿಯ ಸೂಜಿಗಳು ಒಂದು ಉದ್ದೇಶಕ್ಕೆ ಕೂಡಿದುವೆಂಬುದೇ ನನಗೆ ಹೆಚ್ಚಿನ ಸಂತೋಷದ ಸಂಗತಿ.

ಬೇಡಿಕೆಗಾಗಿ ಹೊಲಿಯತೊಡಗಿದಾಗ ಬಣ್ಣವನ್ನೂ ಅಳತೆಯನ್ನೂ ಗಡುವನ್ನೂ ದೂರದವರಾರೋ ಗೊತ್ತುಮಾಡುತ್ತಾರಾದ್ದರಿಂದ, ಕೂಟದ ಸ್ವಚ್ಛಂದತೆ ಒಂದಿಷ್ಟು ಕುಗ್ಗದಿರದು. ಇದನ್ನು ಒಪ್ಪಿಯೂ, ಸ್ವಂತ ಸಂಪಾದನೆಯ ಹಣವನ್ನು ಸೆರಗಿಗೆ ಕಟ್ಟಿಕೊಳ್ಳುವ ಹೆಂಗಸಿಗೆ ಹಳೆಯ ಸ್ವಚ್ಛಂದತೆಯ ಗುಣಗಾನವನ್ನು ಕೇಳಿಸಲು ನಾನು ಸಿದ್ಧನಿಲ್ಲ. ಕೊಳ್ಳುವವರಲ್ಲಿ ಮಾತ್ರ ಒಂದು ಕೋರಿಕೆಯುಂಟು: ಚೀಲದ ಬೆಲೆಯನ್ನು ಚೌಕಾಶಿ ಮಾಡುವ ಮುನ್ನ ಅದರ ಒಳಮೈಯನ್ನು ತಿರುಗಿಸಿ, ಅಲ್ಲಿರುವ ಗಂಟುಗಳನ್ನೂ, ಒಂದು ಬಣ್ಣ ಮುಗಿದು ಮತ್ತೊಂದು ಆರಂಭವಾದ ತಾಣಗಳನ್ನೂ ಒಮ್ಮೆ ನೋಡಿ, ಆಮೇಲೆ ಮಾತಾಡಲಿ.